ನಮ್ಮ ಮೈದುನ ಭಜನೆ ತೊಳೆದ ಕಥೆ

ನೀವು ಎಂದಾದರೂ ಚಪ್ಪಲಿ ಬಿಟ್ಟು, ಕೈ ತೊಳೆದು, ಮಿಕ್ಸರ್ ಬಂದ್ ಮಾಡಿ, ಉಸಿರು ಬಿಗಿಹಿಡಿದುಕೊಂಡು ಹಾಡು ಕೇಳಿದ್ದೀರಾ? ಇಲ್ಲವೇ? ಹಾಗಾದರೆ ನಿಮಗೆ ನನ್ನ ಮೈದುನನಂಥ ಮೈದುನ ಇಲ್ಲ. ಪುಣ್ಯವಂತರು ಬಿಡಿ!

ಮೈದುನ ಎಂದರೆ ನಮ್ಮ ಯಜಮಾನರ ಒಡಹುಟ್ಟಿದ ತಮ್ಮ. ಕಾಲೇಜೊಂದರ ಲ್ಯಾಬಿನಲ್ಲಿ ಗಾಜಿನ ನಳಿಗೆಗಳನ್ನು ತೊಳೆದು, ಒರೆಸಿ, ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ ನಿವೃತ್ತನಾದವನು. ವಿಜಯಪುರದ ನಮ್ಮ ಮನೆಯಲ್ಲಿ ಕೆಳಗಿನ ಭಾಗ ನಮ್ಮದು, ಮೇಲಿನದು ಅವನದು. ಹಾಗಂತ ಅವನು ಮೇಲೆ ಇರುತ್ತಾನೆಂದು ತಿಳಿಯಬೇಡಿ. ಊಟ, ಚಹಾ, ತಕರಾರು ಎಲ್ಲ ಕೆಳಗೇ. ತಿದ್ದುವುದು ಅವನಿಗೆ ಹುಟ್ಟುಗುಣ. ಯಾರ ಮನೆಗೆ ಹೋದರೂ ಮೊದಲು ಗೋಡೆಯ ಕ್ಯಾಲೆಂಡರ್ ಓರೆ ಇದೆಯೇ ಎಂದು ನೋಡುತ್ತಾನೆ, ಆಮೇಲೆ ಮನೆಯವರನ್ನು. ತನ್ನ ಮದುವೆಯಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ ಹೆಂಡತಿಯ ಬಾಸಿಂಗ ಸೊಟ್ಟಗಿದೆ ಎಂದು ಸರಿಪಡಿಸಲು ನಿಂತ. ನೆಟ್ಟಗಾಗುವಷ್ಟರಲ್ಲಿ ಮುಹೂರ್ತ ಮುಗಿದಿತ್ತು!

ಫೋನಿನಲ್ಲಿ ಬೆರಳೊತ್ತಿ ಬರೆಯುವುದನ್ನು ಮೊಮ್ಮಗಳು ನನಗೆ ಈಚೆಗೆ ಕಲಿಸಿದ್ದಾಳೆ. ಬರೆದರೆ ಮೊದಲು ಇವನ ಬಗ್ಗೆಯೇ ಬರೆಯಬೇಕೆಂದು ಎಷ್ಟೋ ವರ್ಷಗಳಿಂದ ಹಲ್ಲು ಕಡಿಯುತ್ತಿದ್ದೆ. ಹೆಸರು ಮಾತ್ರ ಹಾಕುವುದಿಲ್ಲ. ಹಾಕಿದರೆ ಅಕ್ಷರ ತಿದ್ದಲು ಮೆಟ್ಟಿಲಿಳಿದು ಬಂದುಬಿಡುತ್ತಾನೆ.

ಕಥೆ ಶುರುವಾದದ್ದು ನಮ್ಮ ಯಜಮಾನರ ಗಂಟಲಿನಿಂದ. ಅಲ್ಲೊಂದು ಗಡ್ಡೆ ಬಂತು. ಡಾಕ್ಟರು ಆಪರೇಷನ್ ಮಾಡಿ ಗಡ್ಡೆಯ ಜೊತೆಗೆ ಧ್ವನಿಯ ಪೆಟ್ಟಿಗೆಯನ್ನೂ ತೆಗೆದರು, ಉಸಿರಾಡಲು ಕೊರಳಲ್ಲೊಂದು ರಂಧ್ರ ಮಾಡಿದರು. ಜೀವ ಉಳಿಯಿತು, ಮಾತು ಹೋಯಿತು. ನೀವು ಅವರ ಧ್ವನಿ ಕೇಳಿಲ್ಲವಲ್ಲ, ನಿಮಗೆ ಹೇಗೆ ಹೇಳಲಿ? ಅಂಗಳದಲ್ಲಿ ನಿಂತು ಕೂಗಿದರೆ ಹಿಂದಿನ ಓಣಿಯಲ್ಲಿ ತಳ್ಳುಗಾಡಿಯ ಬದನೆಕಾಯಿಯವನು ಬ್ರೇಕ್ ಹಾಕುತ್ತಿದ್ದ. ಅಂಥ ಮನುಷ್ಯ ಆಸ್ಪತ್ರೆಯಿಂದ ಬಂದು ಮಂಚದ ಮೇಲೆ ಸುಮ್ಮನೆ ಕೂತರು. ಇಡೀ ಮನೆ ಮೂಕವಾಯಿತು. ಮೈದುನ ಬಂದು ಅಣ್ಣನ ಹಾಸಿಗೆಯ ಮಡಿಕೆ ಸರಿಮಾಡುವನು, ದಿಂಬು ನೇರ ಮಾಡುವನು, ಮತ್ತೆ ಮಡಿಕೆ ಸರಿಮಾಡುವನು. ಒಂದು ದಿನ ನನ್ನ ಮುಂದೆ ಬಂದು ನಿಂತ.

"ವೈನಿ, ಅಣ್ಣಗ ನಮ್ಮ ಸಾರವಾಡದ ಭಜನಿ ಕೇಳಸ್ತೇನಿ. ಅಂವ ಮಲಕೊಂಡಲ್ಲೆ ಬಟ್ಟು ಒತ್ತಿದ್ರ ಸಾಕು, ಹಾಡಬೇಕು."

"ಹಳೆ ಟೇಪ್ ರೆಕಾರ್ಡರ್ ಐತೆಲ್ಲೊ ಯಪ್ಪಾ. ಅದರಾಗ ಹಚ್ಚು."

ಚಕ್ಕಡಿ ಹೂಡಿಕೊಂಡು ಮುಂಬಯಿಗೆ ಹೋಗು ಎಂದವಳನ್ನು ನೋಡುವಂತೆ ನನ್ನನ್ನು ನೋಡಿದ. "ಸರ್ವರ್ ಮಾಡ್ತೇನ್ರಿ ವೈನಿ, ಸರ್ವರ್!"

ಅವನು ನನಗೆ ತಿಳಿಸಿದ್ದನ್ನೇ ನಿಮಗೆ ತಿಳಿಸುತ್ತೇನೆ. ಸರ್ವರ್ ಎಂದರೆ ಮನೆಯ ಹಾಡುಗಳನ್ನೆಲ್ಲ ಹೊಟ್ಟೆಯಲ್ಲಿ ತುಂಬಿಕೊಂಡು ಸದಾ ಎಚ್ಚರವಾಗಿರುವ ಒಂದು ಕಂಪ್ಯೂಟರ್. ಯಾವ ಕೋಣೆಯಿಂದ ಯಾರ ಫೋನು ಕೇಳಿದರೂ ವೈಫೈ ಮೇಲೆ ಹಾಡು ಕಳಿಸುತ್ತದೆ. ಒಟ್ಟಿನಲ್ಲಿ ಮನೆಯ ಸೊಸೆ ಇದ್ದಂತೆ. ಒಂದೇ ವ್ಯತ್ಯಾಸ, ಸೊಸೆಗೆ ಯಾರೂ ಫ್ಯಾನ್ ಹಚ್ಚುವುದಿಲ್ಲ!

ಹೌದ್ರಿ, ಫ್ಯಾನ್. ಮುಚ್ಚಿಹೋದ ಇಂಟರ್‌ನೆಟ್ ಅಂಗಡಿಯೊಂದರಿಂದ ಹಳೇ ಕಂಪ್ಯೂಟರ್ ಹೊತ್ತು ತಂದ. ಪಡಸಾಲೆಯಲ್ಲಿಟ್ಟ, ಬಿಸಿಯಾಯಿತು. ಜೋಳದ ಚೀಲಗಳ ಕೋಣೆಯಲ್ಲಿಟ್ಟ, ಧೂಳು ಕುಡಿಯಿತು. ಕೊನೆಗೆ ಮನೆಯಲ್ಲೆಲ್ಲ ತಂಪಾದ ಜಾಗ ಹುಡುಕಿ ಅಡುಗೆಮನೆಯ ನೀರಿನ ಕೊಡಗಳನ್ನು ಹೊರಗೆ ಹಾಕಿ ಅಲ್ಲಿ ಕೂಡ್ರಿಸಿದ. ಮೇಲೆ ಮನೆಯ ಏಕೈಕ ಟೇಬಲ್ ಫ್ಯಾನನ್ನು ಅದರ ಮುಖಕ್ಕೆ ತಿರುಗಿಸಿದ. ವಿಜಯಪುರದ ಏಪ್ರಿಲ್ ಬಿಸಿಲು! ನಾವು ರೊಟ್ಟಿ ಬಡಿಯುವವರು ಸೆರಗಿನಿಂದ ಗಾಳಿ ಬೀಸಿಕೊಳ್ಳಬೇಕು, ಪೆಟ್ಟಿಗೆ ಮಾತ್ರ ಮಹಾರಾಣಿಯ ಹಾಗೆ ಗಾಳಿ ತಿನ್ನಬೇಕು. ಅವನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಒಂದು ದಿನ ಒಲೆಯ ಮುಂದಿನಿಂದ ಎದ್ದಳು.

"ಈ ಝಳಕ್ಕ ನಾ ತಲಿ ತಿರುಗಿ ಬಿದ್ರ?"

"ನೀ ಬಿದ್ರ ನೀರ ಗೊಜ್ಜಿದ್ರ ಏಳ್ತಿ," ಎಂದ ಮೈದುನ. "ಅದಕ್ಕ ನೀರ ಗೊಜ್ಜಾಕ ಬರಂಗಿಲ್ಲ."

ನೆಗೆಣ್ಣಿ ಎರಡು ದಿನ ಅವನ ಜೊತೆ ಮಾತು ಬಿಟ್ಟಳು. ಅವನಿಗೆ ಗೊತ್ತಾಗಲಿಲ್ಲ. ಕಿವಿಯಲ್ಲಿ ಹೆಡ್‌ಫೋನ್ ಇತ್ತು!

ಮೊದಲು ಪರೀಕ್ಷೆಗೆಂದು ತನ್ನ ಫೋನಿನಲ್ಲಿದ್ದ ಸಿನಿಮಾ ಹಾಡು, ಊರ ಜಾತ್ರೆಯ ಭಜನೆ ಎಲ್ಲ ತುಂಬಿದ; ಮನೆಯ ಹಳೇ ಕ್ಯಾಸೆಟ್ಟಿನ ಭಜನೆಗಳು ಇನ್ನೂ ಚೀಲದಲ್ಲೇ ಇದ್ದವು. ಪೆಟ್ಟಿಗೆಗೆ ಬರೀ ಹಾಡು ಕೊಟ್ಟರೆ ಸಾಲದಂತೆ. ಹಾಡಿದವರು ಯಾರು, ಯಾವ ವರ್ಷ ಎಂದು ಪ್ರತಿಯೊಂದಕ್ಕೂ ಕೇಳುತ್ತದಂತೆ. ನಮ್ಮ ಊರಿನ ಭಜನೆಗೆ ಹಾಡಿದವರು ಯಾರೆಂದು ಹೇಳುವುದು? ಇಡೀ ಓಣಿಯೇ ಹಾಡಿತ್ತು. ಅವನು ಏನೇನೋ ತುಂಬಿದ. ಪೆಟ್ಟಿಗೆ ಜಾಣತನ ತೋರಿಸಲು ಹೋಗಿ ಇಂಟರ್‌ನೆಟ್ಟಿನಲ್ಲಿ ಹುಡುಕಿ, ನಮ್ಮ ಶಿವಭಜನೆಯ ಮೇಲೆ ಯಾರೋ ಹಸಿರು ಕೂದಲಿನ ವಿದೇಶೀ ಹುಡುಗಿಯ ಫೋಟೊ ಅಂಟಿಸಿಬಿಟ್ಟಿತು. ತುಂಡು ಲಂಗ, ಕಪ್ಪು ತುಟಿ! ನಮ್ಮ ಯಜಮಾನರು ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು. ಆಮೇಲೆ ನನ್ನ ಕಡೆ ತೋರಿಸಿ, 'ನೀನಾ?' ಎಂದು ಕೈಸನ್ನೆ ಮಾಡಿದರು. ಮಾತು ಹೋದರೂ ಚೇಷ್ಟೆ ಹೋಗಿರಲಿಲ್ಲ ನೋಡಿ.

ಇದಕ್ಕಿಂತ ದೊಡ್ಡದು ಬಬಲೇಶ್ವರದ ಸಂತೆಯ ದಿನ ಆಯಿತು. ಮೈದುನನ ಮಗಳನ್ನು ಬಬಲೇಶ್ವರಕ್ಕೆ ಕೊಟ್ಟಿದ್ದೇವೆ. ಅವಳನ್ನು ನೋಡಲು ಹೋದವನು, ಸಂತೆಯಲ್ಲಿ ನಿಂತು ಮನೆಯ ಪೆಟ್ಟಿಗೆಯ ಹಾಡು ಅಲ್ಲಿಗೂ ಬರುತ್ತದೆಯೇ ಎಂದು ಪರೀಕ್ಷೆ ಮಾಡಿದ. ಫೋನಿನಲ್ಲಿ ಭಜನೆ ಒತ್ತಿದ. ಹಾಡೇನೋ ಬಂತು. ಅವನ ಕಿವಿಗಲ್ಲ, ನಮ್ಮ ಪಡಸಾಲೆಯ ದೊಡ್ಡ ಸ್ಪೀಕರಿಗೆ! ಅಲ್ಲಿ ಅವನಿಗೆ ಕೇಳಿಸುತ್ತಿಲ್ಲ, ಸದ್ದು ಏರಿಸುತ್ತಾನೆ. ಇಲ್ಲಿ ನಮ್ಮ ಕಿಟಕಿಗಳು ನಡುಗುತ್ತವೆ. ಅವನು ಇನ್ನೂ ಏರಿಸುತ್ತಾನೆ. ನನಗೆ ಬಂದ್ ಮಾಡುವುದು ಗೊತ್ತಿಲ್ಲ. ಸ್ಪೀಕರ್ ಮೇಲೆ ಕೌದಿ ಹೊದಿಸಿದೆ. ಕೌದಿಯೂ ಭಜನೆ ಹಾಡತೊಡಗಿತು!

ನಮ್ಮ ಕಡೆ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಹೆಣದ ಮುಂದೆ ಭಜನೆ ಕೂಡಿಸುತ್ತಾರೆ. ಮನೆಯಲ್ಲಿ ಆಪರೇಷನ್ ಆದ ಮನುಷ್ಯ ಬೇರೆ. ಓಣಿಯ ಹೆಂಗಸರು ತಲೆ ತುಂಬ ಸೆರಗು ಹೊದ್ದು, ಮುಖ ಸಣ್ಣ ಮಾಡಿಕೊಂಡು ಬಂದೇಬಿಟ್ಟರು. ಒಬ್ಬಳಂತೂ ಬಾಗಿಲಲ್ಲೇ ಅಳುವ ಸ್ವರ ತೆಗೆದಳು. ಒಳಗೆ ನೋಡಿದರೆ ನಮ್ಮ ಯಜಮಾನರು ಮಂಚದ ಮೇಲೆ ಕೂತು ಅಂಬಲಿ ಕುಡಿಯುತ್ತಿದ್ದಾರೆ. ಬಟ್ಟಲು ಎತ್ತಿ, 'ಬನ್ನಿ, ನೀವೂ ಕುಡಿಯಿರಿ' ಎಂದು ಸನ್ನೆ ಮಾಡಿದರು.

ಅಷ್ಟರಲ್ಲಿ ಬಬಲೇಶ್ವರದಿಂದ ಫೋನು. "ವೈನಿ, ಏನೂ ಕೇಳವಲ್ದು ನೋಡ್ರಿ!"

"ನಿನಗ ಕೇಳವಲ್ದೊ ಯಪ್ಪಾ, ಓಣಿಗೆಲ್ಲ ಕೇಳೇತಿ! ಮಣ್ಣಿಗೆ ಮಂದಿ ಬಂದಾರ, ನಿಮ್ಮ ಅಣ್ಣ ಅವರಿಗೆ ಅಂಬಲಿ ಕುಡಸಾಕತ್ತಾನ!"

ಹೀಗೆ ನಗುತ್ತಲೇ ಇದ್ದೆ. ನಗುವಾಗ ಕಣ್ಣು ಮುಚ್ಚಿಕೊಳ್ಳುತ್ತವಲ್ಲ, ಅವನು ಮೇಲೆ ಕೂತು ಏನು ಮಾಡುತ್ತಿದ್ದಾನೆಂದು ನೋಡಲಿಲ್ಲ.

ಆ ಭಜನೆಯ ಕ್ಯಾಸೆಟ್ಟುಗಳ ಬಗ್ಗೆ ನಿಮಗೆ ಹೇಳಬೇಕು. ನಾವೆಲ್ಲ ಸಾರವಾಡದಲ್ಲಿದ್ದ ಕಾಲದಲ್ಲಿ ಅಮಾವಾಸ್ಯೆಯ ಸಂಜೆ ನಮ್ಮ ಪಡಸಾಲೆಯಲ್ಲಿ ಭಜನೆ ಕೂಡುತ್ತಿತ್ತು. ಹಾರ್ಮೋನಿಯಂ ನುಡಿಸುವವನು ಇದೇ ಮೈದುನ. ಮೀಸೆ ಆಗಷ್ಟೇ ಮೂಡುತ್ತಿತ್ತು. ಮಾವನವರಿಗೆ ಈ ಪೇಟಿ ಬಾರಿಸುವ ಹುಚ್ಚು ಸೇರುತ್ತಿರಲಿಲ್ಲ. ಹಟ ಹಿಡಿದು ಕಲಿಸಿದವರು ನಮ್ಮ ಯಜಮಾನರು. ಆದರೆ ಅವರಿಗೆ ಹಾಡೂ ಬಾರದು, ತಾಳವೂ ಗೊತ್ತಿಲ್ಲ. ಭಜನೆಯಲ್ಲಿ ಅವರಿಗೆ ಎರಡೇ ಕೆಲಸ. ಒಂದು ಚಹಾ ಹಂಚುವುದು. ಇನ್ನೊಂದು, ತಮ್ಮ ಪೇಟಿಯ ಮೇಲೆ ಒಂದು ಒಳ್ಳೆಯ ತಿರುವು ತೆಗೆದುಕೊಂಡಾಗ ಬಲಗೈ ಮೇಲೆತ್ತಿ, "ಭಲೇ ತಮ್ಮಾ!" ಎಂದು ಗುಡುಗುವುದು.

ಗುಡುಗಲಿ, ಬೇಡ ಎಂದವರಾರು? ಆದರೆ ತಿರುವು ಮುಗಿಯುವ ತನಕ ಅವರಿಗೆ ತಡೆಯಲು ಆಗುತ್ತಿರಲಿಲ್ಲ. ಸಾಲು ಇನ್ನೂ ಗಾಳಿಯಲ್ಲಿದೆ, ಇವರ 'ಭಲೇ' ಬಂದು ಬೀಳುವುದು. ತಬಲಾದವನು ತಾಳ ತಪ್ಪುವನು, ಹಾಡುವವರು ನಗುವರು, ಮೈದುನ ಕೆಂಪಗಾಗಿ ಪೇಟಿಯೊಳಗೇ ಮುಖ ಹುದುಗಿಸುವನು. ಬಾಗಿಲ ಸಂದಿಯಲ್ಲಿ ನಿಂತ ನಾನು ಹೊಸ ಸೊಸೆ, ನಾಚಿಕೆಯಿಂದ ಸತ್ತೇ ಹೋಗುವೆ. ಪ್ರತಿ ಅಮಾವಾಸ್ಯೆಗೂ ಇದೇ ಪಾಡು. ಇದೆಲ್ಲವೂ ಕ್ಯಾಸೆಟ್ಟಿನಲ್ಲಿ ಸೇರಿತ್ತು.

ಮೊಬೈಲಿನಲ್ಲಿ ಅವರ ಧ್ವನಿ ಇಲ್ಲವೇ ಎಂದು ಕೇಳುತ್ತೀರಿ. ಇದೆ. ಯಾರಾದರೂ ಫೋನು ಹಿಡಿದರೆ ಸಾಕು, ಅಷ್ಟು ದೊಡ್ಡ ಗಂಡಸು ಸಾಲೆಯ ಹುಡುಗನ ಹಾಗೆ ಸೆಟೆದು, "ಆತು, ಸಾಕು, ಬಂದ್ ಮಾಡು," ಎನ್ನುತ್ತಿದ್ದರು. ಹತ್ತು ವಿಡಿಯೊದಲ್ಲೂ ಇಷ್ಟೇ. ಗಂಟಲು ಬಿಚ್ಚಿದ ಅವರ ಧ್ವನಿ ಇದ್ದದ್ದು ಆ ಕ್ಯಾಸೆಟ್ಟುಗಳಲ್ಲಿ ಮಾತ್ರ. ಇದು ನಮಗೆ ಆಗ ಹೊಳೆಯಲಿಲ್ಲ.

ಮೈದುನ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿದ. ಆಗಲೇ ಮಿಕ್ಸರ್ ಬಂದ್ ಆದದ್ದು. ಕರೆಂಟು ನಡುಗಿ ಹಾಡಿನಲ್ಲಿ ಗುಂಯ್ ಎನ್ನುತ್ತದಂತೆ. ಶೇಂಗಾ ಚಟ್ನಿಯನ್ನು ಒಳಕಲ್ಲಿನಲ್ಲಿ ಕುಟ್ಟಿದೆವು. ಇಳಿಸಿದ ಮೇಲೆ ಶುರುವಾಯಿತು ಅವನ ನಿಜವಾದ ಕೆಲಸ. ಬೆಳೆಯ ನಡುವಿನ ಬೇಡದ ಹುಲ್ಲಿಗೆ ನಾವು ಸದಿ ಎನ್ನುತ್ತೇವೆ. ಹಾಡಿನ ಸದಿ ತೆಗೆಯುತ್ತೇನೆ ಎಂದು ಕೂತ. ಕಂಪ್ಯೂಟರಿನಲ್ಲಿ ಹಾಡು ಗೆರೆಗೆರೆಯಾಗಿ ಕಾಣುತ್ತದೆ. ಬೇಡದ ಸದ್ದು ಬಂದಲ್ಲಿ ಆ ಗೆರೆಯನ್ನು ಕತ್ತರಿಸಿ, ಹಾಡಿನ ಬೇರೆ ಕಡೆಯ ಅದೇ ಸಾಲನ್ನು ತಂದು ಹೊಲಿಯುತ್ತಾನೆ. ಮಳೆಗಾಲ ಕಳೆಯಿತು, ಚಳಿಗಾಲ ಬಂತು, ಅವನು ಹೊಲಿಯುತ್ತಲೇ ಇದ್ದ. ಊಟಕ್ಕೆ ಕೂತಾಗ ವರದಿ ಒಪ್ಪಿಸುವನು.

"ಇವತ್ತ ಎರಡು ನಾಯಿ, ಒಂದು ಕೆಮ್ಮು ತಗದೆ."

"ಯಾರ ಕೆಮ್ಮು?" ನೆಗೆಣ್ಣಿ ಕೇಳಿದಳು.

"ಯಾರದೊ, ಮುದುಕರದು."

"ನಮ್ಮ ಮಾವನವರದ ಇರಬೇಕು. ಅವರನ್ನೂ ಬಿಡಲಿಲ್ಲೇನು ನೀವು!"

ನಾವಿಬ್ಬರೂ ರೊಟ್ಟಿ ಕೈಯಲ್ಲಿ ಹಿಡಿದು ನಕ್ಕೆವು. ಅವನು ನಗಲಿಲ್ಲ. "ಅಣ್ಣ ಕೇಳೂದು ಸ್ವಚ್ಛ ಇರಬೇಕು," ಎಂದ. ಆ ಮಾತಿನಲ್ಲಿ ಎಷ್ಟು ಪ್ರೀತಿ ಇತ್ತೆಂದರೆ ನನ್ನ ನಗು ಅಲ್ಲೇ ನಿಂತಿತು.

ಕೆಲಸ ಮುಗಿದ ಮೇಲೆ ಹಾಡುಗಳ ನಕಲು ಮಾಡಿ ಜೋಪಾನ ಮಾಡಿದ. ಒಂದು ಮೇಲಿನ ಕಪಾಟಿನಲ್ಲಿ, ಒಂದು ಬಬಲೇಶ್ವರದ ಮಗಳ ಮನೆಯಲ್ಲಿ, ಇನ್ನೊಂದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜೋಳದ ಡಬ್ಬಿಯಲ್ಲಿ! ಬೆಂಕಿ ಬಿದ್ದರೂ, ಕಳ್ಳ ಬಂದರೂ ಭಜನೆ ಉಳಿಯಬೇಕು. ಅದೇ ಹೊತ್ತಿಗೆ ನೆಗೆಣ್ಣಿಯ ತಮ್ಮ ಬಂದ. ತಿಕೋಟಾದ ಆಚೆ ಘೋಣಸಗಿಯಲ್ಲಿ ಅವನದು ದ್ರಾಕ್ಷಿ ತೋಟ. ಕಾಯಿ ಸಿಹಿಯಾಗುವ ಹೊತ್ತಿಗೆ ಹಕ್ಕಿಗಳ ದಂಡು ಬರುತ್ತದೆ. ಕ್ಯಾಸೆಟ್ಟಿನೊಳಗಿನ ರೀಲು ಬಿಚ್ಚಿ ಸಾಲುಗಳ ಮೇಲೆ ಬಿಗಿಯಾಗಿ ಕಟ್ಟಿದರೆ ಗಾಳಿಗೆ ಗುಂಯ್‌ಗುಡುತ್ತದೆ, ಬಿಸಿಲಿಗೆ ಫಳಫಳ ಹೊಳೆಯುತ್ತದೆ, ಹಕ್ಕಿ ಹತ್ತಿರ ಬರುವುದಿಲ್ಲ.

"ಮಾಮಾ, ಹಳಿ ಕ್ಯಾಸೆಟ್ ಅದಾವೇನ್ರಿ?" ಎಂದ.

"ಒಯ್ಯಿ. ನನಗಿನ್ನ ಯಾಕ ಬೇಕು?" ಎಂದು ಮೈದುನ ಇಡೀ ಚೀಲ ಎತ್ತಿಕೊಟ್ಟ.

ಆಮೇಲೆ ಒಂದು ಭಾನುವಾರ ಮಧ್ಯಾಹ್ನ ಉದ್ಘಾಟನೆ. ಸಾರವಾಡದಿಂದ ಹಳೇ ಭಜನೆಯವರಲ್ಲಿ ಉಳಿದ ನಾಲ್ಕೈದು ಜನ ಬಸ್ಸು ಹತ್ತಿ ಬಂದರು. ಅವರಲ್ಲಿ ಹಿರಿಯರು ತಬಲಾ ಕಾಕಾ. ಶೇಂಗಾ ಹೋಳಿಗೆ ಊಟವಾಯಿತು. ಎಲ್ಲರ ಕೈ ತೊಳೆಸಿ ಕೂಡಿಸಿ, ಯಜಮಾನರನ್ನು ಮಂಚದ ಮೇಲೆ ದಿಂಬಿಗೆ ಒರಗಿಸಿ, ಮೈದುನ ಅವರ ಕೈಯಿಂದಲೇ ಫೋನು ಒತ್ತಿಸಿದ.

ಏನು ಹೇಳಲಿ! ಗಾಜಿನ ಹಾಗಿತ್ತು ಹಾಡು. ನಾಯಿ ಇಲ್ಲ, ಕೆಮ್ಮಿಲ್ಲ, ಬಟ್ಟಲಿನ ಸದ್ದಿಲ್ಲ. ಪೇಟಿಯ ಒಂದೊಂದು ಸ್ವರ ತೊಳೆದಿಟ್ಟ ಮುತ್ತು. ಮೈದುನ ಎಲ್ಲರ ಮುಖ ನೋಡುತ್ತಿದ್ದ. ನಾನು ಯಜಮಾನರ ಮುಖ ನೋಡುತ್ತಿದ್ದೆ. ಹಾಡು ತಿರುವಿಗೆ ಬಂತು. ಅವರ ಬಲಗೈ ಮೊಣಕಾಲ ಮೇಲಿನಿಂದ ಮೆಲ್ಲಗೆ ಎದ್ದಿತು. ಕಣ್ಣು ಸ್ಪೀಕರಿನ ಮೇಲೆ. ತಿರುವು ಹೋಯಿತು. ಏನೂ ಬರಲಿಲ್ಲ. ಕೈ ಕೆಳಗಿಳಿಯಿತು. ಮುಂದಿನ ತಿರುವಿಗೆ ಮತ್ತೆ ಎದ್ದಿತು, ಮತ್ತೆ ಇಳಿಯಿತು. ತಾನು ಇನ್ನು 'ಭಲೇ' ಅನ್ನಲಾರೆನೆಂದು ಅವರಿಗೆ ಗೊತ್ತಿತ್ತು. ಅಂದದ್ದು ಅಲ್ಲಿ ಇದ್ದೇ ಇರುತ್ತದೆ ಎಂದು ಕಾಯುತ್ತಿದ್ದರು.

ಮೂರನೆಯ ಹಾಡಿಗೆ ಕೈ ಏಳಲೇ ಇಲ್ಲ.

ಹಾಡು ಮುಗಿದ ಮೇಲೆ ತಬಲಾ ಕಾಕಾ ಕೇಳಿದರು. "ಚಲೋ ಐತಿ. ಆದ್ರ ಇದು ಯಾರ ಮನ್ಯಾಗ ಹಾಡಿದ್ದೊ?"

"ಯಾಕ್ರಿ ಕಾಕಾ, ನಮ್ಮ ಪಡಸಾಲ್ಯಾಗ! ಆ ತಬಲಾ ನಿಮ್ಮದಲ್ಲೇನು?"

"ತಬಲಾ ನಂದ ಐತಿ. ಪಡಸಾಲಿ ನಿಮ್ಮದಲ್ಲ. ನಿಮ್ಮ ಪಡಸಾಲ್ಯಾಗ ನನ್ನ ತಾಳ ಒಮ್ಮಿನೂ ಹಿಂಗ ಸುದ್ದ ಬಿದ್ದಿಲ್ಲೊ. ನಿಮ್ಮ ಅಣ್ಣ ಎಲ್ಲಿ ಅದಾನ ಇದರಾಗ?"

ಮೈದುನ ಅಣ್ಣನ ಕಡೆ ತಿರುಗಿದ. ಆಗ ನೋಡಿದ ಅವನು, ಮೊಣಕಾಲ ಮೇಲೆ ಸುಮ್ಮನೆ ಬಿದ್ದ ಆ ಕೈಯನ್ನು. ಅವನ ಮುಖ ಹೇಗಾಯಿತೆಂದು ಬರೆಯುವುದು ಬೇಡ. ಎದ್ದವನೇ ಚಪ್ಪಲಿ ಮೆಟ್ಟಿದ.

"ಎಲ್ಲಿಗೊ?" ಎಂದೆ.

"ಘೋಣಸಗಿಗೆ."

ಅವನೊಬ್ಬನನ್ನೇ ಬಿಡಲು ಮನಸ್ಸಾಗದೆ ನಾನೂ ಹೊರಟೆ. ತಿಕೋಟಾ ತನಕ ಬಸ್ಸು, ಅಲ್ಲಿಂದ ಜೀಪು. ಮುಂದಿನ ಸೀಟಿನವನ ಕಾಲರ್ ಮಡಚಿತ್ತು, ಅದನ್ನೂ ತಿದ್ದಲಿಲ್ಲ. ತೋಟದಲ್ಲಿ ಇಳಿದು ನೋಡಿದರೆ ಸಾಲುಸಾಲಿಗೂ ನಮ್ಮ ಭಜನೆ ಬಿಸಿಲಿಗೆ ಹೊಳೆಯುತ್ತಿದೆ. ಗಾಳಿ ಬೀಸಿದಾಗ ಇಡೀ ತೋಟ ಗುಂಯ್ ಎನ್ನುತ್ತದೆ.

ಮೈದುನ ಬಿಚ್ಚಲು ಕೈ ಹಾಕಿದ. ನೆಗೆಣ್ಣಿಯ ತಮ್ಮ ಓಡಿ ಬಂದ. "ಮಾಮಾ, ಏನ ಮಾಡಾಕತ್ತೀರಿ? ಕೊಯ್ಲು ಬಂದೈತ್ರಿ! ಹಕ್ಕಿ ಪೂರಾ ತಿಂದ ಹೋಗ್ತಾವ!"

"ನಾ ನಿಂತ ಕಾಯ್ತೇನಿ. ಹಕ್ಕಿ ಹೊಡೀತೇನಿ. ಇದನ್ನ ಕೊಡೊ ತಮ್ಮಾ."

ಅರವತ್ತು ದಾಟಿದ ಮನುಷ್ಯ ಹಾಗೆ ಬೇಡಿಕೊಂಡದ್ದನ್ನು ನೋಡಿ ತೋಟದವನು ತಾನೂ ಬಿಚ್ಚಲು ನಿಂತ. ಕಾಳು ಬಿಡಿಸಿದ ಗೋವಿನಜೋಳದ ತೆನೆಗಳಿಗೆ ರೀಲು ಸುತ್ತಿದೆವು. ಬಿಸಿಲಿಗೆ ಒಣಗಿ ಎಷ್ಟೋ ಕಡೆ ಮುಟ್ಟಿದರೆ ಪುಡಿಯಾಗುತ್ತಿತ್ತು. ಯಾವ ಹಾಡು ಯಾವುದೋ, ಯಾವುದು ಮೊದಲೋ, ಯಾವುದು ಕೊನೆಯೋ. ಕತ್ತಲಾದ ಮೇಲೆ ತೆನೆಗಳನ್ನು ನನ್ನ ಸೆರಗಿನಲ್ಲಿ ಕಟ್ಟಿಕೊಂಡು ಮರಳಿದೆವು. ಮಾರನೆಯ ದಿನ ತನ್ನಲ್ಲಿದ್ದ ಸಿನಿಮಾ ಹಾಡಿನ ಸಿ.ಡಿ.ಗಳನ್ನೆಲ್ಲ ಒಯ್ದು ಅದೇ ತಂತಿಗಳಿಗೆ ಜೋಲಿ ಬಿಟ್ಟು ಬಂದ. ಹಕ್ಕಿಗಳಿಗೇನು, ಭಜನೆಯಾದರೇನು, ಸಿನಿಮಾ ಆದರೇನು!

ಪೆಟ್ಟಿಗೆಯಲ್ಲಿ ಕತ್ತರಿಸದ ಮೂಲ ಪ್ರತಿ ಇರಲಿಲ್ಲವೇ ಎಂದರೆ, ಜಾಗ ಸಾಲದೆಂದು ಅದನ್ನು ಅಳಿಸಿದ್ದ. ಕಪಾಟಿನಲ್ಲಿ, ಬಬಲೇಶ್ವರದಲ್ಲಿ, ಜೋಳದಲ್ಲಿ, ಎಲ್ಲೆಲ್ಲೂ ಭದ್ರವಾಗಿದ್ದದ್ದು ತೊಳೆದ ಭಜನೆಯೇ. ಬಿಚ್ಚಿ ತಂದ ರೀಲನ್ನು ಹಳೇ ಟೇಪ್ ರೆಕಾರ್ಡರಿಗೆ ಹಾಕಿ ಕೇಳಿದೆವು. ಬರೀ ಭೋರ್ ಎನ್ನುವ ಸದ್ದು. ನಡುವೆ ಎಲ್ಲೋ ಒಂದು ಕಡೆ ಏನೋ ಕೂಗಿದಂತಾಯಿತು.

"ಕೇಳಿದ್ರಿ, ವೈನಿ? ಭಲೇ ಅಂದ!"

ನಾನು ಮತ್ತೆ ಹಾಕಿಸಿ ಕೇಳಿದೆ. ಹೌದು ಎಂದುಬಿಡಬಹುದಿತ್ತು. ಬಾಯಿ ಕೇಳಬೇಕಲ್ಲ! "ಅದು ನಾಯಿ, ಯಪ್ಪಾ," ಎಂದೆ.

ಯಜಮಾನರು ಸದ್ದಿಲ್ಲದೆ ಹೆಗಲು ಕುಣಿಸಿ ನಕ್ಕರು. ಮೈದುನ ನಗಲಿಲ್ಲ. ಟೇಪ್ ಬಂದ್ ಮಾಡಿ ಮೇಲೆ ಹೋದವನು ಕೆಳಗೆ ಬರುವುದನ್ನೇ ಬಿಟ್ಟ. ಊಟವನ್ನು ನೆಗೆಣ್ಣಿ ಮೇಲಕ್ಕೆ ಒಯ್ಯುವಳು, ಅರ್ಧ ತಟ್ಟೆ ವಾಪಸ್ ಬರುವುದು. ಸರ್ವರ್ ಪೆಟ್ಟಿಗೆಯ ಫ್ಯಾನನ್ನು ಅವನೇ ಬಂದ್ ಮಾಡಿದ. ನಮಗೆ ಗಾಳಿ ಸಿಕ್ಕಿತು. ಯಾರಿಗೆ ಬೇಕಿತ್ತು?

ಒಂದು ಸಂಜೆ ಯಜಮಾನರು ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಹೋದರು. ರೊಟ್ಟಿಯ ಹಿಟ್ಟು ನಾದುತ್ತಿದ್ದ ನಾನು ಗಾಬರಿಯಾಗಿ ಹಿಂದೆ ಓಡಿದೆ. ಅವರು ಅಟ್ಟದ ಮೂಲೆಯಿಂದ ಪೇಟಿಯನ್ನು ಎಳೆದು ತಂದು ತಮ್ಮನ ಮುಂದೆ ಇಟ್ಟು ಎದುರಿಗೆ ಕೂತರು. ಬೆರಳಿನಿಂದ ಪೇಟಿಯನ್ನು ತಟ್ಟಿ ತೋರಿಸಿದರು. ಮೈದುನ ಮೊದಲು ಪೇಟಿಯನ್ನು ತನ್ನೆದುರು ನೇರ ಮಾಡಿದ. ಆಮೇಲೆ ಧೂಳು ಒರೆಸಿದ. ಗಾಳಿ ತುಂಬುವ ಭಾತೆ ಎಳೆದ. ಬೆರಳು ಸೆಟೆದಿದ್ದವು, ಒಂದೆರಡು ಸ್ವರ ಸತ್ತೇಹೋಗಿದ್ದವು. ಆದರೂ ಅದೇ ಭಜನೆ. ಅದೇ ತಿರುವಿಗೆ ಬಂತು. ಯಜಮಾನರ ಬಲಗೈ ಮೇಲೆದ್ದಿತು, ಬಾಯಿ ತೆರೆಯಿತು. ಕೊರಳಿನ ರಂಧ್ರದಲ್ಲಿ ಗಾಳಿ ಸುಯ್ ಎಂದಿತು, ಅಷ್ಟೇ.

ನನಗೆ ತಡೆಯಲಾಗಲಿಲ್ಲ. ಹಿಟ್ಟಿನ ಕೈಯನ್ನು ಹಾಗೇ ಮೇಲೆತ್ತಿ, ಇದ್ದಷ್ಟು ಗಂಟಲಿನಿಂದ ನಾನೇ ಕೂಗಿದೆ. "ಭಲೇ ತಮ್ಮಾ!"

ಮೈದುನ ಪೇಟಿ ನಿಲ್ಲಿಸಲಿಲ್ಲ, ತಲೆ ಎತ್ತಲೂ ಇಲ್ಲ.

"ತಡಾ ಆತ್ರಿ ವೈನಿ," ಎಂದ. "ಅಣ್ಣ ಇನ್ನೊಂದೀಟು ಮೊದಲ ಅಂತಿದ್ದ."